ಪರವಾಗಿಲ್ಲ ಎಂದವನ ಕೋಣೆ

ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ, ಅರವತ್ತು ದಾಟಿದ ಕ್ಲೌಸ್ ಮೈಮೇಲೆ ಒಂದು ನೂಲೂ ಇಲ್ಲದೆ ಕಿಟಕಿಯ ಪಕ್ಕ ಕೂತು ಸೇಬು ಹೆಚ್ಚುತ್ತಿದ್ದರು. ಕನ್ನಡಕ ಮಾತ್ರ ಇತ್ತು. "ಬಾ, ತಿನ್ನು" ಎಂದು ಒಂದು ಹೋಳು ಚಾಚಿದರು. ನಾನು ಗೋಡೆಯ ಗಡಿಯಾರವನ್ನೇ ನೋಡುತ್ತ ಅದನ್ನು ತಿಂದೆ. ಜರ್ಮನಿಯ ಚಳಿಗೆ, ಒರಟು ಬ್ರೆಡ್ಡಿಗೆ, ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಇದೊಂದನ್ನು ಊರಲ್ಲಿ ಯಾರೂ ಹೇಳಿ ಕಳಿಸಿರಲಿಲ್ಲ.

ಹಾಗೆಂದು ಅವರು ಮುಚ್ಚಿಟ್ಟಿದ್ದರು ಅನ್ನುವಂತಿಲ್ಲ. ವ್ಯಾನಿನಲ್ಲಿ ಬರುವಾಗಲೇ ಕೇಳಿದ್ದರು. "ಕೋಣೆಯಲ್ಲಿ ನಾನು ಬಟ್ಟೆ ಹಾಕುವುದಿಲ್ಲ, ಚಿಕ್ಕಂದಿನಿಂದ ಹಾಗೇ. ನಿನಗೆ ತೊಂದರೆಯೇ?" ನಾನು "ಕೈನ್ ಪ್ರೊಬ್ಲೇಮ್" ಎಂದಿದ್ದೆ. ನಮ್ಮ 'ಪರವಾಗಿಲ್ಲ'ಕ್ಕೆ ಅವರ ಮಾತು ಅದು. ಈ ದೇಶದಲ್ಲಿ ನಾನು ಮೊದಲು ಕಲಿತಿದ್ದೂ ಅದನ್ನೇ. ಕೆಲಸ ಕಲಿಸುವ ಹಿರಿಯರು ಏನೇ ಕೇಳಲಿ, ಶಿವಾರಪಟ್ಟಣದ ಕಲ್ಲುಕೆಲಸದ ಕೊಟ್ಟಿಗೆಯಲ್ಲಿ ಬೆಳೆದವನ ಬಾಯಿಂದ ಬೇರೆ ಉತ್ತರ ಬರುವುದಿಲ್ಲ.

ನಾನಿರುವುದು ದೇಶದ ಪೂರ್ವ ಭಾಗದಲ್ಲಿ. ಹಳೆಯ ಇಗರ್ಜಿಗಳ ಸವೆದ ಶಿಲ್ಪಗಳನ್ನು ಮತ್ತೆ ಕೆತ್ತಿ ಕೂರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ. ಊರಲ್ಲಿ ಕೃಷ್ಣಶಿಲೆ ಉಳಿಗೆ ಗಂಟೆಯಂತೆ ದನಿ ಕೊಡುತ್ತಿತ್ತು. ಇಲ್ಲಿಯ ಮರಳುಗಲ್ಲು ಮಾತಾಡುವುದೇ ಇಲ್ಲ, ಪುಡಿಪುಡಿಯಾಗಿ ಉದುರುತ್ತದೆ. ದೂರದ ಊರುಗಳಿಗೆ ಹೋದಾಗ ವಾರವಿಡೀ ಅಲ್ಲೇ ತಂಗುತ್ತೇವೆ, ಇಬ್ಬರಿಗೊಂದು ಕೋಣೆ. ಕೋಣೆಯಲ್ಲಿ ಜೋಡಿಯಾದವರೇ, ಎತ್ತರದಲ್ಲಿ ನಿಂತು ಕೆತ್ತಲು ಕಟ್ಟುವ ಸಾರುವೆಯ ಮೇಲೂ ಜೋಡಿ. ಮುಖ್ಯ ಕೆತ್ತನೆಗಳೆಲ್ಲ ಹಿರಿಯರಾದ ಕ್ಲೌಸ್ ಪಾಲಿಗೆ, ಹಾಗಾಗಿ ಅವರ ಕೋಣೆ ಸಿಕ್ಕಿತೆಂದರೆ ಒಳ್ಳೆಯ ಕಲ್ಲು ಸಿಕ್ಕಿದ ಹಾಗೆ. ಆ ವರ್ಷದ ಒಳ್ಳೆಯ ಕಲ್ಲು ಒಬ್ಬ ದೇವದೂತ. ರೆಕ್ಕೆ, ಕೈ ಎಲ್ಲ ನೆಟ್ಟಗಿದ್ದವು, ಮುಖ ಮಾತ್ರ ಮಳೆಗೆ ಕರಗಿಹೋಗಿತ್ತು. ಆ ಮುಖವನ್ನು ನಾನು ಕೆತ್ತಬೇಕಿತ್ತು.

ಬಟ್ಟೆಯಿಲ್ಲದೆ ಇರುವುದಕ್ಕೆ ಇಲ್ಲಿ ಎಫ್‌ಕೆಕೆ ಎಂಬ ಮೂರಕ್ಷರದ ಹೆಸರಿದೆ. ಅದಕ್ಕೆಂದೇ ಬೇರೆ ಕೆರೆದಂಡೆಗಳಿವೆ. ಅಜ್ಜಿ ತಾತಂದಿರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಕಟ್ಟುನಿಟ್ಟೂ ಇದೆ: ಎಲ್ಲಿ ಕೂತರೂ ಕೆಳಗೆ ಟವೆಲ್ ಹಾಸಿಕೊಂಡೇ ಕೂರಬೇಕು. ನಮ್ಮಲ್ಲೂ ಟವೆಲ್ ಇಲ್ಲದೆ ನಡೆಯದು, ಆದರೆ ಅದು ಇರುವ ಜಾಗ ಬೇರೆ. ಬೋರ್‌ವೆಲ್ ಹತ್ತಿರ ಹತ್ತು ಜನರ ನಡುವೆ ನಿಂತು, ಟವೆಲ್ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಒದ್ದೆ ಚಡ್ಡಿ ಇಳಿಸಿ ಒಣ ಚಡ್ಡಿ ಏರಿಸುವ ವಿದ್ಯೆ ನಮ್ಮೂರಿನ ಗಂಡಸರಿಗೆಲ್ಲ ಕರಗತ. ಅದನ್ನು ಕೋಣೆಯಲ್ಲಿ ಮಾಡಿದಾಗ ಕ್ಲೌಸ್ ಚಾಕು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ನನಗೆ ಅವಮಾನವೆನಿಸಿತು. ಆ ಮುದುಕರ ನಿರಾಳ ಕಂಡು ಹೊಟ್ಟೆಯೂ ಉರಿಯಿತು. ಇಳಿಬಿದ್ದ ಹೊಟ್ಟೆ, ಮೊಣಕಾಲಿನ ಹಳೆ ಗಾಯ ಎಲ್ಲವನ್ನೂ ಹೊತ್ತು, ತಮ್ಮದೇ ಮನೆಯಲ್ಲಿ ಕೂತಂತೆ ತಮ್ಮ ಮೈಯಲ್ಲಿ ಅವರು ಕೂತಿದ್ದರು. ನಾನು ನನ್ನ ಮೈಯಲ್ಲಿ ಇಂದಿಗೂ ಬಾಡಿಗೆಗಿದ್ದೇನೆ.

ಎಡವಟ್ಟಾಗಿದ್ದು ಒಂದು ಮಧ್ಯಾಹ್ನ. ಕ್ಲೌಸ್ ಮಂಚದ ಮೇಲೆ ಹಾಗೇ ನಿದ್ದೆ ಹೋಗಿದ್ದರು. ಬಾಗಿಲಾಚೆಯ ಓಣಿಯಲ್ಲಿ ಕೋಣೆಗಳ ಕಸ ಗುಡಿಸುವ ಹೆಂಗಸಿನ ಸದ್ದು ಕೇಳಿತು, ಇನ್ನೇನು ಒಳಗೇ ಬರಬಹುದು. ಮುಗಿದ ವಿಗ್ರಹವನ್ನು ನಮ್ಮಲ್ಲಿ ಬರಿಮೈಯಲ್ಲಿ ಲಾರಿ ಹತ್ತಿಸುವುದಿಲ್ಲ. ಕೊನೆಯ ಉಜ್ಜು ಮುಗಿದ ಕೂಡಲೇ ಪಂಚೆ ಸುತ್ತಿಬಿಡುತ್ತೇವೆ. ಕೈಗೆ ಅದೇ ಅಭ್ಯಾಸ. ನನ್ನ ಪಂಚೆ ತೆಗೆದು ಅವರಿಗೆ ಕತ್ತಿನಿಂದ ಪಾದದವರೆಗೆ ಹೊದಿಸಿ, ಅಂಚುಗಳನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದೆ. ಅವರು ಎಚ್ಚರಗೊಂಡರು. ಏಳಲು ಹೋದರೆ ಆಗಲಿಲ್ಲ.

"ನಾನು ಹೀಗಿರುವುದು ನಿನಗೆ ಕಷ್ಟವಾಗುತ್ತಿದೆಯೇ?" ಎಂದು ನಿಧಾನವಾಗಿ ಕೇಳಿದರು.

"ಇಲ್ಲ ಇಲ್ಲ, ಕೈನ್ ಪ್ರೊಬ್ಲೇಮ್."

ಪಂಚೆಯನ್ನು ಚೆನ್ನಾಗಿ ಮಡಚಿ ನನ್ನ ಕೈಗೆ ಕೊಟ್ಟರು. ಮುಂದಿನ ವಾರ ಕಾರ್ಖಾನೆಯ ಯಜಮಾನಿ ಬ್ರಿಗಿಟೆ ನನಗೆ ಒಂಟಿ ಕೋಣೆ ಕೊಟ್ಟರು. "ನಿನಗೆ ಕಷ್ಟ, ಆದರೆ ನೀನು ಹೇಳುವುದಿಲ್ಲ, ಅದಕ್ಕೇ ಹೀಗೆ ಮಾಡಿ ಅಂದರು ಕ್ಲೌಸ್. ಸರಿ ತಾನೇ?" ಅವರಿಗೂ ನಾನು ಕೊಟ್ಟಿದ್ದು ಅದೇ ಉತ್ತರ.

ಕ್ಲೌಸ್ ಕೋಣೆಗೆ ಹೋದವನು ಮುನಿರಾಜು. ಟೇಕಲ್ ಹುಡುಗ, ನಮ್ಮಪ್ಪನ ಕೈಕೆಳಗೆ ಉಳಿ ಹಿಡಿಯುವುದು ಕಲಿತವನು. ಒಳ್ಳೆ ಕೆಲಸಗಾರ ಎಂದು ಬ್ರಿಗಿಟೆಗೆ ಹೇಳಿ ಅವನನ್ನು ಇಲ್ಲಿಗೆ ಕರೆಸಿದ್ದೇ ನಾನು. ಕನ್ನಡ ಮಾತಾಡಲು ನನಗಿದ್ದ ಒಂದೇ ಜೀವ ಅವನು. ಈಗ ಸಂಜೆಯಾದರೆ ಗೋಡೆಯಾಚೆ ಅವರಿಬ್ಬರ ನಗು. ಹಗಲೆಲ್ಲ ದೇವದೂತನ ಮುಖದ ಮುಂದೆ ಅವರಿಬ್ಬರ ತಲೆ. ನಾನು ಕೆಳಗೆ ನಿಂತು ಕಂಬದ ಬುಡ ಉಜ್ಜುತ್ತಿದ್ದೆ. ಅವನೂ ಅವರಂತೆಯೇ ಬತ್ತಲೆ ಇರಲು ಕಲಿತಿದ್ದಾನೆ, ಅದಕ್ಕೇ ಆ ಮುಖದ ಕೆಲಸ ಸಿಕ್ಕಿತು ಎಂದುಕೊಂಡೆ. ನಾಚಿಕೆ ಬಿಟ್ಟವನು ಎಂದು ಮನಸ್ಸಲ್ಲೇ ಬೈದೆ. ನನಗೆ ಬಿಡಲಾಗದ್ದನ್ನು ಅವನು ಇಷ್ಟು ಸುಲಭವಾಗಿ ಬಿಟ್ಟನಲ್ಲ ಎಂದು ಒಳಗೊಳಗೇ ಕುದಿದೆ.

ಒಂದು ಸಂಜೆ ಕಲ್ಲು ಉಜ್ಜುವ ಅರ ಬೇಕಾಗಿ ಅವರ ಬಾಗಿಲು ತಟ್ಟಿದೆ. "ಬಾ" ಎಂದ ಕೂಡಲೇ ಕಣ್ಣು ಮುಚ್ಚಿಕೊಂಡೇ ಒಳಗೆ ಹೋದೆ.

"ಏನಣ್ಣಾ ಇದು? ಕಣ್ಣಿಗೆ ದೂಳು ಬಿತ್ತಾ?"

ಕಣ್ಣು ಬಿಟ್ಟೆ. ಮುನಿರಾಜು ಬನಿಯನ್, ಲುಂಗಿಯಲ್ಲಿ ಚಿತ್ರಾನ್ನ ಕಲಸುತ್ತಿದ್ದ. ಕ್ಲೌಸ್ ಮೊಣಕಾಲವರೆಗಿನ ನೀಲಿ ಚಡ್ಡಿ ತೊಟ್ಟು ತಟ್ಟೆ ಹಿಡಿದು ಕಾಯುತ್ತಿದ್ದರು.

"ಇವರು ಚಡ್ಡಿ ಹಾಕ್ಕೊಂಡವ್ರಲ್ಲೋ?"

"ಹೂಂ ಅಣ್ಣ. ಮೊದಲ್ನೇ ದಿನಾನೇ ಹೇಳ್ಬಿಟ್ಟೆ. ನಂಗೆ ಸಿಗ್ಗು ಕಣಯ್ಯ, ನನ್ ಕೈಲಾಗಲ್ಲ, ಚಡ್ಡಿ ಹಾಕ್ಕೊ ಅಂತ. ಹಾಕ್ಕೊಂಡ್ರು."

"ಬೇಜಾರು ಮಾಡ್ಕೊಳ್ಲಿಲ್ವಾ?"

"ಯಾಕ್ ಮಾಡ್ಕೋತಾರೆ? ಕೇಳಿದ್ದು ಅವ್ರೇ ಅಲ್ವಾ? ಭಾನುವಾರ ಕೆರೆ ಹತ್ರ ಅವ್ರು ಅವ್ರಂಗಿರ್ತಾರೆ, ಇಲ್ಲಿ ನನ್ನಂಗೆ. ಕೂತ್ಕೊ, ಒಂದ್ ತುತ್ತು ತಿನ್ನು."

ನಾನು ಕ್ಲೌಸ್ ಕಡೆ ತಿರುಗಿದೆ. "ನನಗೂ ಕಷ್ಟವಾಗಿತ್ತು" ಎಂದೆ.

"ಗೊತ್ತು" ಎಂದರು ಅವರು. "ಎರಡು ಸಲ ಕೇಳಿದೆ. ಕಷ್ಟ ಅಂದವನ ಜೊತೆ ಇರಬಹುದು. ಏನೂ ಹೇಳದವನ ಜೊತೆ ಹೇಗಿರುವುದು? ಸಾರುವೆಯ ಮೇಲೆ ಹಗ್ಗ ಸಡಿಲವಾದರೂ ನೀನು ಪರವಾಗಿಲ್ಲ ಅಂದರೆ?"

ಅದು ಅವರಿಗೆ ಬರೀ ಬಟ್ಟೆಯ ಮಾತಾಗಿರಲಿಲ್ಲ. ಅರ ತೆಗೆದುಕೊಂಡು ಬಂದುಬಿಟ್ಟೆ. ಮುನಿರಾಜು ನಾಚಿಕೆ ಬಿಟ್ಟು ಗೆದ್ದಿದ್ದರೆ ನನಗೊಂದು ಸಮಾಧಾನವಿರುತ್ತಿತ್ತು. ಅವನು ಗೆದ್ದಿದ್ದು ನನ್ನಲ್ಲೂ ಇದ್ದ ನಾಚಿಕೆಯನ್ನು ಬಾಯಿಬಿಟ್ಟು ಹೇಳಿ. ಈ ಹೊಟ್ಟೆಕಿಚ್ಚಿಗೆ ಮದ್ದಿಲ್ಲ.

ರಜೆಗೆ ಊರಿಗೆ ಬಂದಾಗ ನಾನೂ ಕಲಿತಿದ್ದೇನೆ ಎಂದು ತೋರಿಸಿಕೊಳ್ಳುವ ಉಮೇದು. ಅತ್ತಿಗೆ ಬಸ್ಸಾರಿನ ಜೊತೆ ಎರಡನೇ ಮುದ್ದೆ ತಂದರು. ನಾನು ಅವರ ಮುಖ ನೋಡಿ, "ಬೇಡ. ನನಗೆ ಸಾಕು" ಎಂದೆ. ಮುದ್ದೆ ಹಿಡಿದ ಕೈ ಅಲ್ಲೇ ನಿಂತಿತು.

"ಸಾರು ಚೆನ್ನಾಗಿಲ್ವೇನಪ್ಪಾ?"

"ಚೆನ್ನಾಗೈತೆ ಅತ್ತಿಗೆ. ಬೇಡ ಅಷ್ಟೇ."

ಅವರು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಅಣ್ಣ ತಟ್ಟೆ ನೋಡುತ್ತಲೇ, "ಫಾರಿನ್ನಿಗೆ ಹೋಗಿ ಮಾತು ಜಾಸ್ತಿ ಕಲ್ತೆ ಕಣೋ" ಎಂದ. ಅರ್ಧ ಮುದ್ದೆ ಹಾಕಿ ಅಂದಿದ್ದರೆ ಎಲ್ಲರೂ ನಗುನಗುತ್ತ ಏಳುತ್ತಿದ್ದೆವು. ಅಲ್ಲಿ ಆಡಬೇಕಾದ ಮಾತನ್ನು ಇಲ್ಲಿ ಆಡಿದ್ದೆ.

ವಾಪಸು ಬಂದ ಮೇಲೆ ಬ್ರಿಗಿಟೆ ಕೇಳಿದರು: "ಮತ್ತೆ ಒಂಟಿ ಕೋಣೆಯೇ ಇರಲಾ? ಅಥವಾ ಕ್ಲೌಸ್ ಜೊತೆ ಇರುತ್ತೀಯಾ?" 'ಕ್ಲೌಸ್ ಜೊತೆಯೇ, ಆದರೆ ಅವರು ಚಡ್ಡಿ ಹಾಕಿಕೊಳ್ಳಲಿ' ಎಂದು ವಿಮಾನದಲ್ಲಿ ದಾರಿಯುದ್ದಕ್ಕೂ ಉರು ಹೊಡೆದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅತ್ತಿಗೆಯ ಮುಖ ಕಣ್ಣೆದುರು ಬಂತು.

"ಯಾವುದಾದರೂ ಪರವಾಗಿಲ್ಲ" ಎಂದೆ.

ಒಂಟಿ ಕೋಣೆಯ ಬೀಗದ ಕೈ ಕೊಟ್ಟರು. ಗೋಡೆಯಾಚೆ ಮುನಿರಾಜು ಏನೋ ಹೇಳುತ್ತಿದ್ದ, ಕ್ಲೌಸ್ ನಗುತ್ತಿದ್ದರು. ನಾನು ಬಾಗಿಲಿಗೆ ಚಿಲಕ ಹಾಕಿದೆ, ಪರದೆ ಎಳೆದೆ. ಆಮೇಲೆ, ನೋಡುವವರು ಯಾರೂ ಇಲ್ಲದ ಆ ಕೋಣೆಯಲ್ಲಿ, ಟವೆಲ್ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಬಟ್ಟೆ ಬದಲಿಸಿದೆ.