ಅಡ್ಡಹೆಸರುಗಳನ್ನು ಉಳಿಸಿಕೊಟ್ಟ ಅಕ್ಕ

ಮನುಷ್ಯ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಕಂಪೈಲರನ್ನು ಕಟ್ಟಬಲ್ಲವರು ಲೋಕದಲ್ಲಿ ಕಡಿಮೆ; ಕಟ್ಟಿದ್ದಲ್ಲದೆ ಅದು ಜನರೊಡನೆ ಮರ್ಯಾದೆಯಿಂದ ಮಾತಾಡಬೇಕೆಂದು ಹಟ ಹಿಡಿದವರು ಇನ್ನೂ ಕಡಿಮೆ. ಆ ಎರಡನೆಯ ಸಾಲಿನಲ್ಲಿ ಮೊದಲು ನಿಲ್ಲುವವರು, ವಯಸ್ಸಿನಲ್ಲಿ ತಮಗಿಂತ ಹಿರಿಯರಾದ ಕಾವಲುಗಾರರಿಂದಲೂ ‘ಅಕ್ಕ’ ಎಂದೇ ಕರೆಸಿಕೊಂಡ ನಮ್ಮ ಸನ್ಮಾನಿತರು. ಅವರ ನಿವೃತ್ತಿಯ ನೆನಪಿಗೆ ಹೊರಬರುತ್ತಿರುವ ಈ ಸಂಪುಟದಲ್ಲಿ ಅವರ ಪಾಂಡಿತ್ಯವನ್ನು ಕೊಂಡಾಡುವವರು ಬೇಕಾದಷ್ಟು ಜನರಿದ್ದಾರೆ. ಹಟದ ಬಗ್ಗೆಯೂ ಯಾರಾದರೂ ಬರೆಯಬೇಕಲ್ಲ!

ಕೆಲಸಕ್ಕೆ ಸೇರಿದ ಹೊಸದರಲ್ಲೇ ಅಕ್ಕ ಒಂದು ವ್ರತ ಹಿಡಿದಿದ್ದರು. ಕಂಪೈಲರ್ ಕೊಡುವ ಉದ್ದುದ್ದ ದೋಷಸಂದೇಶಗಳನ್ನು ಗಟ್ಟಿಯಾಗಿ ಓದುವುದು, ಒಂದೇ ಉಸಿರಿನಲ್ಲಿ ಮುಗಿಯದಿದ್ದರೆ ತಿದ್ದುವುದು. ಕಚೇರಿಯಲ್ಲಿ ಕೇಳುವವರಿಲ್ಲದಿದ್ದರೆ ಮನೆಯಲ್ಲಿ, ಕನ್ನಡಕದ ಅಂಗಡಿಯ ಯಜಮಾನರಾದ ಅವರ ಪತಿ ಕೇಳಬೇಕು. ದಿನವಿಡೀ ಗಿರಾಕಿಗಳಿಂದ ಗೋಡೆಯ ಮೇಲಿನ ಅಕ್ಷರ ಓದಿಸಿ ಬಂದ ಆ ಪುಣ್ಯಾತ್ಮರು ಊಟದ ಹೊತ್ತಿಗೆ ಇದನ್ನೂ ಕೇಳಿ, “ಅರ್ಥ ಆಗ್ಲಿಲ್ಲ ಕಣೇ, ಆದ್ರೆ ಬೈತಿದೆ ಅಂತ ಗೊತ್ತಾಯ್ತು” ಎನ್ನುತ್ತಿದ್ದರು. ಕಿರಿಯರ ಮೇಲೆ ಅಕ್ಕನ ಅಂತಃಕರಣವೂ ಇದೇ ಜಾತಿಯದು. ಹೊಸಬಳೊಬ್ಬಳು ಸೇರಿದ ವಾರವೇ ಇಡೀ ವ್ಯವಸ್ಥೆಯನ್ನು ಕೆಡವಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ ಅಕ್ಕ ಚಹಾದ ಲೋಟ ಕೈಗಿಟ್ಟು, “ಅಳೋದಾದ್ರೆ ನನ್ನ ಕೋಣೇಲಿ ಅಳು, ಅಲ್ಲಿ ಫ್ಯಾನ್ ಇದೆ. ಹಾಗೇ ನಾನು ಕೆಡಿಸಿದ್ದನ್ನೂ ತೋರಿಸ್ತೀನಿ, ಇದು ಯಾವ ಲೆಕ್ಕಕ್ಕೂ ಇಲ್ಲ” ಎಂದರು. ಹುಡುಗಿ ಸಂಜೆಯವರೆಗೂ ನಕ್ಕಳು.

ಸೇವೆಯ ಕೊನೆಯ ವರ್ಷ ಅವರು ಕೈಹಾಕಿದ್ದು ಅಡ್ಡಹೆಸರುಗಳ ಕೆಲಸಕ್ಕೆ. ಪ್ರೋಗ್ರಾಂ ಬರೆಯುವವರು ‘ಹೆಸರು ಮತ್ತು ಊರುಗಳ ಜೋಡಿಗಳ ಪಟ್ಟಿ’ ಎಂಬಂಥ ಉದ್ದನೆಯ ವಿವರಣೆಗೆ ‘ವಿಳಾಸಪುಸ್ತಕ’ ಎಂದು ಚಿಕ್ಕ ಹೆಸರಿಟ್ಟುಕೊಳ್ಳುತ್ತಾರೆ. ನಮ್ಮ ಕಂಪೈಲರೋ, ಚಿಕ್ಕ ಹೆಸರು ಕಂಡೊಡನೆ ಕಿತ್ತೆಸೆದು, ತಪ್ಪಾದಾಗ ಉದ್ದನೆಯದನ್ನೇ ಹಿಡಿದು ಬೈಯುತ್ತಿತ್ತು. ಮನೆಯಲ್ಲಿ ಪುಟ್ಟ ಎಂದು ಕರೆಯುವ ಮಗನ ಮೇಲೆ ಶಾಲೆಯವರು ತಾತ ಮುತ್ತಾತರ ಹೆಸರು ಸಮೇತ ದೂರು ಕೊಟ್ಟರೆ, ತಾಯಿಗೆ ಯಾವ ಮಗುವೆಂದೇ ಹೊಳೆಯದು. ಕಂಗಾಲಾಗಿ ದೂರು ಬರೆದವರಿಗೆಲ್ಲ ಅಕ್ಕ ತಾವೇ ಕ್ಷಮೆ ಕೇಳಿ ಉತ್ತರಿಸುತ್ತಿದ್ದರು. ಇನ್ನು ಮುಂದೆ ಚಿಕ್ಕ ಹೆಸರು ಹಾಗೇ ಇರಲಿ, ಎರಡನ್ನು ಹೋಲಿಸುವಾಗ ಮಾತ್ರ ತೆರೆದು ಒಳಗಿನ ಉದ್ದನೆಯ ವಿವರಣೆಯನ್ನು ನೋಡಿದರೆ ಸಾಕು ಎಂಬುದು ಅವರ ಯೋಜನೆ. ಹೇಳಲು ಸುಲಭ. ಚಿಕ್ಕ ಹೆಸರು ತನ್ನ ಬಾಗಿಲಿಗೆ ಬರುವುದೇ ಇಲ್ಲವೆಂದು ನಂಬಿ ಕೂತಿದ್ದ ಮೂಲೆಗಳು ಕಂಪೈಲರಿನ ತುಂಬ ಇದ್ದವು.

ವಿಭಾಗದ ಮುಖ್ಯಸ್ಥರು ಹೌಹಾರಿದರು. “ಓಡ್ತಿರೋ ಗಾಡಿ ಅಕ್ಕ, ಯಾಕೆ ಬಿಚ್ತೀರಿ?”

“ಗಾಡಿ ಓಡ್ತಿದೆ ಸರ್, ಹತ್ತಿದವರ ಸೊಂಟ ಮುರೀತಿದೆ.”

“ಸರಿ, ಮಾಡಿ. ಆದ್ರೆ ನೀವು ಹೋಗೋ ದಿನ ಕಂಪೈಲರಿಗೆ ನಾವು ಒಡ್ಡೋ ಪರೀಕ್ಷೆಗಳಲ್ಲಿ ಒಂದೇ ಒಂದು ಫೇಲಾಗಿದ್ರೂ ಎಲ್ಲಾನೂ ವಾಪಸ್ ತೆಗೀತೀನಿ. ನೀವು ಹೋದ್ಮೇಲೆ ಇದನ್ನ ನೋಡ್ಕೊಳ್ಳೋರು ಯಾರಿದ್ದಾರೆ?”

ಮಾತು ನ್ಯಾಯವಾದದ್ದೇ, ಅದಕ್ಕೇ ಅಕ್ಕನಿಗೆ ಹೆಚ್ಚು ಸಿಟ್ಟು ಬಂತು. ಮೂಲೆ ಮೂಲೆಯನ್ನೂ ಹುಡುಕಿ ತಿದ್ದಿದರು. ಬೀಳ್ಕೊಡುಗೆಯ ದಿನಕ್ಕೆ ಒಂದು ಪರೀಕ್ಷೆ ಮಾತ್ರ ಜಪ್ಪಯ್ಯ ಅಂದರೂ ಪಾಸಾಗದೆ ಉಳಿಯಿತು. ವರ್ಷದ ದುಡಿಮೆ ಕಸದ ಬುಟ್ಟಿಗೆ ಹೋಗುವುದನ್ನು ನೋಡಿಕೊಂಡೇ ಮನೆಗೆ ಹೋಗಬೇಕಲ್ಲ ಎಂಬ ಸಂಕಟದಲ್ಲಿ, ಸಭೆಯಲ್ಲಿ ತಮ್ಮನ್ನು ಹೊಗಳುತ್ತಿದ್ದ ಒಂದು ಮಾತೂ ಅವರ ಕಿವಿಗೆ ಬೀಳಲಿಲ್ಲ.

ಮುಖ್ಯಸ್ಥರು ಭಾಷಣದ ನಡುವೆ ನಿಲ್ಲಿಸಿ, ಅಕ್ಕನ ಬಾಯಿಂದಲೇ ಒಂದು ಸಂದೇಶ ಕೇಳೋಣವೆಂದು ಮೈಕು ಕೊಟ್ಟರು. ಪಾಸಾಗದ ಆ ಪರೀಕ್ಷೆ ಕೊಡುತ್ತಿದ್ದ, ತಲೆಯಲ್ಲಿ ಕೊರೆಯುತ್ತಿದ್ದ ದೋಷಸಂದೇಶವೇ ಅಕ್ಕನ ಬಾಯಿಗೂ ಬಂತು: “ವಿಳಾಸಪುಸ್ತಕ ಬೇಕಿತ್ತು, ಕೊಟ್ಟದ್ದು ವಿಳಾಸಪುಸ್ತಕ.”

ಸಭೆ ನಕ್ಕಿತು. ಮುಂದಿನ ಸಾಲಿನಿಂದ ಪತಿ, “ಕೇಳಿದ್ದನ್ನೇ ಕೊಟ್ಟಾಯ್ತಲ್ಲೇ, ಇನ್ನೇನಂತೆ ಅದಕ್ಕೆ?” ಎಂದರು.

“ಅಲ್ಲಾ ರೀ, ಹೋಲಿಸುವಾಗ ಎರಡನ್ನೂ ತೆರೆದು ನೋಡ್ಬೇಕು. ಎಡಗಡೇದನ್ನ ತೆರೆದಿದ್ದೀನಿ, ಬಲಗಡೇದನ್ನ…” ಅಕ್ಕ ಅಲ್ಲಿಗೇ ನಿಂತರು. “ಅಯ್ಯೋ, ಬಲಗಡೇದು ಮುಚ್ಚೇ ಇದೆ!”

ಉದ್ದದ ಸಂದೇಶಗಳನ್ನಷ್ಟೇ ಗಟ್ಟಿಯಾಗಿ ಓದುವ ವ್ರತವಾದ್ದರಿಂದ, ಇಷ್ಟು ಚಿಕ್ಕದನ್ನು ಓದುವುದೇನೆಂದು ಆ ವಾರವೆಲ್ಲ ಬಿಟ್ಟಿದ್ದರು. ಈಗ ಮೈಕನ್ನು ಮುಖ್ಯಸ್ಥರ ಕೈಗೆ ತುರುಕಿ, ಸೆರಗು ಸಿಕ್ಕಿಸಿಕೊಂಡು, ಹೊಗಳಿಕೆಯನ್ನೂ ಹೊಗಳುವವರನ್ನೂ ವೇದಿಕೆಯಲ್ಲೇ ಬಿಟ್ಟು ತಮ್ಮ ಕೋಣೆಗೆ ಓಡಿದರು. ಮುಖ್ಯಸ್ಥರು ಅವರಿಲ್ಲದೆಯೇ ಅವರ ಗುಣಗಾನ ಮುಂದುವರಿಸಿ, ಗುಣಗಳು ಮುಗಿದ ಮೇಲೆ ಹವಾಮಾನದ ಬಗ್ಗೆ ಮಾತಾಡಿದರು. ಚಹಾ ಆರಿತು. ಕೊನೆಗೆ ಬಾಗಿಲಲ್ಲಿ ಕಾಣಿಸಿಕೊಂಡ ಅಕ್ಕ, “ಎಲ್ಲಾ ಪಾಸು ಸರ್. ಈಗ ಹೊಗಳಿ, ಕೇಳಿಸ್ಕೋತೀನಿ” ಎಂದರು. ಮುಖ್ಯಸ್ಥರು ಹೊಗಳಲಿಲ್ಲ. ವೇದಿಕೆಯ ಮೇಲೆಯೇ ಲ್ಯಾಪ್‌ಟಾಪು ತರಿಸಿ, ಎಲ್ಲರೆದುರು ಅಕ್ಕನ ತಿದ್ದುಪಡಿಗೆ ಒಪ್ಪಿಗೆಯ ಗುಂಡಿ ಒತ್ತಿದರು. ಅಕ್ಕ ಅತ್ತದ್ದು ಆಗಲೇ.

ಅಕ್ಕನಿಗೆ ಆಯುಸ್ಸು ಆರೋಗ್ಯ ತುಂಬಿಕೊಂಡಿರಲಿ, ಅವರು ಬಿಟ್ಟ ಮೂಲೆಗಳನ್ನೆಲ್ಲ ಅವರೇ ಬಂದು ಹುಡುಕಲಿ ಎಂಬುದು ಈ ಸಂಪುಟದ ಸ್ವಾರ್ಥ ತುಂಬಿದ ಹಾರೈಕೆ. ಅವರ ಕುರ್ಚಿಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಕೇಳಿದವರಿಗೆಲ್ಲ ಮುಖ್ಯಸ್ಥರು, “ಅದರ ಚಕ್ರ ಮುರಿದಿದೆ, ಕೂತರೆ ಬೀಳ್ತೀರಿ” ಎನ್ನುತ್ತಾರೆ. ಚಕ್ರ ಮುರಿದಿಲ್ಲ.