ಭೈರಮ್ಮನ ಎಡಗಾಲು

ದಂಡಿನಶಿವರದ ಭೈರಮ್ಮ ಒಣಗಿದ ಕಾಯಿಯ ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವುದರಲ್ಲಿ ಎತ್ತಿದ ಕೈ. ಕರಟ ಚೂರಾಗಬೇಕು, ಒಳಗಿನ ಉಂಡೆಗೆ ಗೀರೂ ಬೀಳಬಾರದು. ಮಚ್ಚಿನ ಆ ಹದ ಅವಳಿಗೆ ಒಲಿದಿತ್ತು.

1997ರಲ್ಲಿ, ಮೂವತ್ತು ದಾಟಿದ ಮೇಲೆ, ಬೆಳಿಗ್ಗೆ ಏಳುವಾಗ ಬೆರಳು ಮಡಚಲಾಗದಂತಾಯಿತು. ಮಣಿಕಟ್ಟು, ಮಂಡಿ ಊದಿಕೊಳ್ಳುತ್ತಿದ್ದವು. ಅದಕ್ಕಿಂತ ಹೆಚ್ಚು ಕಾಡಿದ್ದು ಎಷ್ಟು ಮಲಗಿದರೂ ಹೋಗದ ಸುಸ್ತು. ಮಧ್ಯಾಹ್ನದ ಹೊತ್ತಿಗೆ ಮಚ್ಚು ಕೆಳಗಿಟ್ಟು ಗೋಡೆಗೆ ಒರಗುತ್ತಿದ್ದಳು.

"ಮೈಗಳ್ಳತನಕ್ಕೆ ಯಾವ ಮದ್ದೈತೆ ಕಣೇ," ಎಂದು ಅತ್ತೆ ಬೋರಮ್ಮ ನೆರೆಯವರ ಎದುರೇ ಅನ್ನುತ್ತಿದ್ದಳು. ತಾನು ನಿಜವಾಗಿಯೂ ಸೋಮಾರಿಯಾದೆನೇನೋ ಎಂಬ ಅನುಮಾನ ಭೈರಮ್ಮನಿಗೂ ಇತ್ತು.

ಎರಡು ವರ್ಷದ ನಂತರ ಒಂದು ದಿನ ಎಡಗಾಲಿನ ಮೀನಖಂಡ ಊದಿ ಬಿಸಿಯಾಯಿತು. ಉಳುಕಿರಬೇಕೆಂದು ಬೋರಮ್ಮನೇ ಹರಳೆಣ್ಣೆ ಹಚ್ಚಿ ಬಲವಾಗಿ ನೀವಿದಳು. ಮರುದಿನ ನೀರು ಸೇದುತ್ತಿದ್ದ ಭೈರಮ್ಮನಿಗೆ ಉಸಿರೇ ಸಾಲದಾಯಿತು, ಎದೆಯಲ್ಲಿ ಚುಚ್ಚಿದಂಥ ನೋವು. ಗಂಡ ಬೀರೇಶ್ ಕಾಯಿ ಸಾಗಿಸುವ ಟೆಂಪೊದಲ್ಲೇ ಅವಳನ್ನು ತುಮಕೂರಿಗೆ ಕರೆದೊಯ್ದ.

ಅಲ್ಲಿನ ಡಾಕ್ಟರು ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೇಳಿದರು: "ಇದು ಬರೀ ಕೀಲುನೋವಲ್ಲ. ಮೈಯೊಳಗೆ ಉರಿಯೂತ ಇದೆ. ಅಂಥವರಲ್ಲಿ ರಕ್ತ ಬೇಗ ಹೆಪ್ಪುಗಟ್ಟಬಹುದು. ಕಾಲಲ್ಲಿ ಕಟ್ಟಿದ ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋಗಿದೆ. ಕಾಲು ನೀವಬಾರದಿತ್ತು."

"ಮತ್ತೆ ಸುಸ್ತು, ಸಾರ್?"

"ಅದೂ ಕಾಯಿಲೆನೇ ಕಣಮ್ಮ."

ಭೈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬೀರೇಶ್ ಹೆದರಿಕೆಗೆ ಅಳುತ್ತಿದ್ದಾಳೆ ಅಂದುಕೊಂಡ. ಆಮೇಲೆ ಅವಳೇ ಅವನಿಗೆ ಅಂದಳು: "ಕಾಲು ನೀವಿದ್ ಮಾತು ಅತ್ತೆಗೆ ಹೇಳ್ಬ್ಯಾಡಿ. ಅವ್ರಿಗೇನ್ ಗೊತ್ತಿತ್ತು?"

ಅವನು ಹೇಳಲಿಲ್ಲ. ತನ್ನ ಎಣ್ಣೆಯಿಂದಲೇ ಸೊಸೆಯ ಕಾಲು ಉಳಿಯಿತೆಂದು ಬೋರಮ್ಮ ಸಾಯುವವರೆಗೂ ನಂಬಿದ್ದಳು.

ರಕ್ತ ತಿಳಿಯಾಗಿಸುವ ಮಾತ್ರೆ ದಿನವೂ ನುಂಗಬೇಕಾಯಿತು. ಮಚ್ಚು ಮುಟ್ಟಬೇಡಿ ಎಂದಿದ್ದರು. ಎರಡನೇ ತಿಂಗಳು ಅವಳು ಕೇಳದೆ ಮುಟ್ಟಿದಳು. ಹೆಬ್ಬೆರಳಿನ ಸಣ್ಣ ಗಾಯದ ರಕ್ತ ನಿಲ್ಲಲು ಅರ್ಧ ದಿನ ಹಿಡಿಯಿತು. ಅಂದೇ ಆ ಕೆಲಸ ಬಿಟ್ಟಳು.

ಈಗ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಕುಳಿತು ಉಂಡೆಗಳನ್ನು ಗಾತ್ರ ನೋಡಿ ವಿಂಗಡಿಸುತ್ತಾಳೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಹೋಗಿಬರುತ್ತಾಳೆ. ಸುಸ್ತು ಪೂರ್ತಿ ಹೋಗಿಲ್ಲ. ಬಂದಾಗ ಯಾರ ಅಪ್ಪಣೆಯನ್ನೂ ಕೇಳದೆ ಗೋಣಿಚೀಲದ ಮೇಲೆ ಮಲಗುತ್ತಾಳೆ.