ಕುಳಿತಿದ್ದ ಹೆಣ

…ಅಥವಾ ಆ ನೀರು ಹಸಿರಾಗಿರಲೇ ಇಲ್ಲವೇನೋ. ಸಿನಿಮಾದ ವಿಜ್ಞಾನಿಯ ಮೇಜಿನ ಮೇಲೆ, ಸೋಡಾ ಬಾಟಲಿಗಳಲ್ಲಿ ಹಸಿರು ನೀರು ಕುದಿಯುತ್ತಿತ್ತು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಚಿತ್ರವೋ ಕಪ್ಪು-ಬಿಳುಪು. ಚಿತ್ರೀಕರಣದ ದಿನ ಕಣ್ಣಾರೆ ಕಂಡದ್ದೋ, ಆಮೇಲೆ ಪರದೆಯ ಮೇಲೆ ಕಂಡದ್ದಕ್ಕೆ ನಾನೇ ಬಳಿದ ಬಣ್ಣವೋ, ಈಗ ಬೇರ್ಪಡಿಸಲಾರೆ.

ಎಪ್ಪತ್ತರ ದಶಕದ ಆರಂಭ. ಕೊಲ್ಹಾಪುರದ ಕಡೆಯಿಂದ ಏಳೆಂಟು ಜನ ಸಿನಿಮಾ ತೆಗೆಯಲು ಒಂದು ಹಳೆಯ ಟ್ರಕ್ಕಿನಲ್ಲಿ, ಮಹಾರಾಷ್ಟ್ರದೊಳಗಿನ ನಮ್ಮ ಕನ್ನಡದ ಊರು ಮುಚ್ಚಂಡಿಗೆ ಬಂದರು. ಹೆಣಗಳಿಗೆ ಜೀವ ಕೊಡುವ ಹುಚ್ಚು ವಿಜ್ಞಾನಿಯ ಕಥೆ. ಹೆದರಿಸಬೇಕು, ನಗಿಸಲೂ ಬೇಕು. ಕೈಯಲ್ಲಿ ದುಡ್ಡಿಲ್ಲ. ವಿಜ್ಞಾನಿಯ ಕೆದರಿದ ಕೂದಲಿಗೆ ನಮ್ಮೂರ ಕುರಿಯ ಉಣ್ಣೆಯನ್ನೇ ಅಂಟಿಸಿದರು. ನಾನು ಅಲ್ಲಿ ಕನ್ನಡ ಶಾಲೆಯ ಮಾಸ್ತರ. ಮರಾಠಿ ಊರಿನ ಗಂಡಸರಿಗೆಲ್ಲ ಬರುತ್ತಿದ್ದರೂ ನಿರ್ದೇಶಕನ ಪಕ್ಕ ನಿಲ್ಲುವ ಕೆಲಸ ನನ್ನದು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಹೆಣವಾಗಲು ಒಬ್ಬರು ಬೇಕೆಂದಾಗ ಅಪ್ಪನನ್ನು ಮುಂದೆ ತಂದವನೂ ನಾನೇ. ಸಣ್ಣಾಟಗಳಲ್ಲಿ ವೇಷ ಹಾಕಿದ ಮನುಷ್ಯ, ಎರಡನೇ ಸಲ ಕೇಳಿಸಿಕೊಳ್ಳದೆ ಒಪ್ಪಿದ.

ಹೆಣ ತಯಾರು ಮಾಡಿಡಿ ಎಂದು ನಿರ್ದೇಶಕ ಹೊರಗೆ ಹೋದ. ಮರಳಿ ಬರುವಷ್ಟರಲ್ಲಿ ನಮ್ಮವರು ತಯಾರು ಮಾಡಿಬಿಟ್ಟಿದ್ದರು: ಅಪ್ಪನನ್ನು ಶಾಲೆಯ ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಹೊಸ ರುಮಾಲು ಸುತ್ತಿ, ಹಾರ ಹಾಕಿ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಪೂಜೆ, ಕೂರಿಸಿಯೇ ಮಣ್ಣು. ಇದನ್ನು ಹೊರಗಿನವರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ನನಗೂ.

ನಿರ್ದೇಶಕ ಮರಾಠಿಯಲ್ಲಿ ಕೇಳಿದ: "ಮಾಸ್ತರ, ಇದು ಆಗಲೇ ಎದ್ದು ಕೂತಿದೆಯಲ್ಲ. ನಮ್ಮ ವಿಜ್ಞಾನಿ ಇನ್ನೇನನ್ನು ಎಬ್ಬಿಸಬೇಕು?"

ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ: "ಮಲಗಿದಾಂವ ಜಡ್ಡಿನಾಂವರಿ ಸಾಹೇಬ್ರ. ನಾ ಪೂರಾ ಸತ್ತೇನಿ."

ನಾನು ಅದನ್ನು ಮರಾಠಿಗೆ ದಾಟಿಸಿದೆ. ಎಲ್ಲರೂ ನಕ್ಕರು. ಹೀಗೇ ಇರಲಿ, ಇದೇ ಹೆಚ್ಚು ನಗಿಸುತ್ತದೆ ಎಂದ ನಿರ್ದೇಶಕ. ಬಾಗಿಲಲ್ಲಿ ನಿಂತಿದ್ದ ಅವ್ವ ನಗಲಿಲ್ಲ.

"ಬೇಕಾರ ಮಲಗಸ್ರಿ, ಏನರ ಮಾಡ್ರಿ. ಜೀವಂತ ಇದ್ದಾಂವನ್ನ ಹಿಂಗ ಕುಂದ್ರಸಬ್ಯಾಡ್ರಿ" ಎಂದಳು. ಆಮೇಲೆ ನನಗೆ: "ನೀನರ ಹೇಳೋ."

"ಸುಮ್ನಿರಬೇ ಯವ್ವಾ, ಇದು ಸಿನಿಮಾ" ಎಂದೆ. ಅವಳ ಮಾತನ್ನು ಮರಾಠಿಗೆ ದಾಟಿಸಲಿಲ್ಲ.

ವಿಜ್ಞಾನಿಯ ವೇಷದವ ಅಪ್ಪನ ಕಿವಿಗೆ ವೈರು ಮುಟ್ಟಿಸಿದ. ಅಪ್ಪ ಒಂದೇ ಕಣ್ಣು ತೆರೆದು, "ತಂಬಾಕ ಐತೇನ್ರಿ?" ಎಂದ. ಯಾರೂ ಬರೆದುಕೊಟ್ಟ ಮಾತಲ್ಲ. ಮರುವರ್ಷ ಜತ್ತದ ಟೂರಿಂಗ್ ಟಾಕೀಜಿನಲ್ಲಿ ಅದು ಬೇರೆ ಯಾರದೋ ದನಿಯಲ್ಲಿ, ಮರಾಠಿಯಲ್ಲಿ ಕೇಳಿಸಿತು. ಡೇರೆಯೊಳಗಿನ ಜನ ಬಿದ್ದು ಬಿದ್ದು ನಕ್ಕರು. ದನಿ ತನ್ನದಲ್ಲ ಎಂಬುದಷ್ಟೇ ಅಪ್ಪನ ಬೇಸರ. ಆಮೇಲೆ ಸೋನ್ಯಾಳದ ಬಸ್ಸು ಹತ್ತಿದರೂ ಯಾರಾದರೊಬ್ಬರು "ತಂಬಾಕ ಐತೇನ್ರಿ?" ಎನ್ನುತ್ತಿದ್ದರು. ಅಪ್ಪ ಚಂಚಿ ಬಿಚ್ಚಿ ಕೊಡುತ್ತಿದ್ದ.

ಎರಡು ವರ್ಷಕ್ಕೆ ಅಪ್ಪ ನಿಜವಾಗಿ ತೀರಿಕೊಂಡ. ಗೋಡೆ ಈ ಸಲ ನಮ್ಮ ಮನೆಯದು, ಅಷ್ಟು ಖಾತ್ರಿಯಿದೆ. ವಿಭೂತಿ, ರುಮಾಲು, ಹಾರ. ಭಜನೆಯವರು ಒಂದು ಪದ ಮುಗಿಸಿ ಇನ್ನೊಂದಕ್ಕೆ ತಾಳ ಸರಿಮಾಡಿಕೊಳ್ಳುತ್ತಿದ್ದರು. ಗಂಡಸರು ನಿಂತಿದ್ದ ಕಡೆ, ನಾನು ನಿಂತಿದ್ದ ಕಡೆ, ಯಾರೋ ಪಿಸುಗುಟ್ಟಿದರು: "ಈಗ ತಂಬಾಕ ಕೇಳತಾನ ನೋಡ."

ಒಂದು ನಗು ಮೂಗಿನಿಂದ ಸಿಡಿಯಿತು. ಒಂದೇ. ಅವ್ವ ಅಳು ನಿಲ್ಲಿಸಿ ನಮ್ಮತ್ತ ನೋಡಿದಳು. ಆ ದಿನ ಮತ್ತೆ ಅಳಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಕೇಳಿದಳು: "ನಕ್ಕಾಂವ ನೀ ಏನು?"

"ನಾ ಅಲ್ಲ."

"ನಿನ್ನ ಹಡದಾಕಿ ನಾ. ನಿನ್ನ ನಗಿ ನನಗ ಗುರ್ತ ಸಿಗೂದಿಲ್ಲೇನು?"

ಬದುಕಿದ್ದಷ್ಟು ದಿನ ನನಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ನಾನಿದ್ದಲ್ಲಿ ಅಪ್ಪನ ಮಾತು ಎತ್ತಲಿಲ್ಲ. ಕೊನೆಗೆ ತಂಗಿಯ ಹತ್ತಿರ ಹೇಳಿಟ್ಟಿದ್ದಳು: "ನನ್ನ ಕುಂದ್ರಸಿದ ಮ್ಯಾಲ ಅವನ್ನ ಒಳಗ ಬಿಡಬ್ಯಾಡ." ತಂಗಿ ಬಿಡಲಿಲ್ಲ. ಅಂಗಳದಲ್ಲಿ ನಿಂತು ಭಜನೆ ಕೇಳಿದೆ.

ಅಪ್ಪನ ಮುಂದೆ ನಿಂತಾಗ ಗಂಟಲಿಗೆ ಏನೋ ಅಡರಿದ್ದು ನೆನಪಿದೆ. ನಗು ಅಡರುವ ಹಾಗೆಯೇ ಅಳುವೂ ಅಡರುತ್ತದೆ. ಆದರೆ ಇದು ಹಸಿರು ನೀರನ್ನು ನಂಬಿದ ತಲೆ. "ನಾ ಅಲ್ಲ" ಎಂದಾಗ ಅವ್ವನಿಗೆ ಸುಳ್ಳು ಹೇಳಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ.